ನಾಯಿಯ ಉಣ್ಣೆ ಜ್ವರಕ್ಕೆ 14,000ದ ಅಂದಾಜು ಪಟ್ಟಿ: ಇದರಲ್ಲಿ ಯಾವುದು ಬಿಡಬಹುದು, ಯಾವುದು ಬಿಡಬಾರದು?

ಕೆಂಪಿಮನೆ:
ನಮ್ಮ ಕೆಂಪಿ ನಾಡತಳಿ ಹೆಣ್ಣು ನಾಯಿ, 4 ವರ್ಷ, 20 ಕೆ.ಜಿ. ಎರಡು ದಿನದಿಂದ ಜ್ವರ, ಊಟ ಅರ್ಧಕ್ಕರ್ಧ, ಕಿವಿ ಸಂದಿಯಲ್ಲಿ ರಕ್ತ ಹೀರೋ ಉಣ್ಣೆ. ಕ್ಲಿನಿಕ್ಕಿನಲ್ಲಿ ಕೊಟ್ಟ ಅಂದಾಜು ಪಟ್ಟಿ ಹೀಗಿದೆ: ರಕ್ತದ ಪೂರ್ತಿ ಎಣಿಕೆ (ಸಿಬಿಸಿ), ಲಿವರ್-ಕಿಡ್ನಿ ಪರೀಕ್ಷೆ, ಪಿಸಿಆರ್ ಪ್ಯಾನೆಲ್ (ರಕ್ತದಲ್ಲಿ ಯಾವ ರೋಗಾಣುವಿನ ಡಿಎನ್ಎ ಇದೆ ಅಂತ ಹುಡುಕೋ ಪರೀಕ್ಷೆ), ಹೊಟ್ಟೆ ಸ್ಕ್ಯಾನಿಂಗ್, 3 ದಿನ ಅಡ್ಮಿಟ್ ಮಾಡಿ ಡ್ರಿಪ್, ಲಿವರ್ ಟಾನಿಕ್, ಪ್ಲೇಟ್‌ಲೆಟ್ ಸಿರಪ್, ಉಣ್ಣೆ ಸಾಯಿಸೋ ಅಗಿಯೋ ಮಾತ್ರೆ. ಒಟ್ಟು 14,000ದ ಹತ್ತಿರ. ಕೈಯಲ್ಲಿರೋದು 5,000. ಬೆಂಗಳೂರು. ಸಾಲ ಮಾಡೋ ಮುಂಚೆ ಕೇಳ್ತಿದ್ದೀನಿ, ಯಾವುದನ್ನ ಬಿಟ್ಟರೆ ನಾಯಿಗೆ ತೊಂದರೆ ಇಲ್ಲ?

ಟೋಕನ್ ನಂ. 7:
ಡಾಕ್ಟರ ಹತ್ತಿರ "ಕಮ್ಮಿ ಮಾಡಿ" ಅನ್ನಬೇಡಿ. "5,000 ಇದೆ, ಇಷ್ಟರಲ್ಲಿ ಮೊದಲು ಯಾವುದು ಮಾಡ್ತೀರಿ, ಆಮೇಲೆ ಯಾವುದು?" ಅಂತ ಕೇಳಿ. ಎರಡಕ್ಕೂ ತುಂಬ ವ್ಯತ್ಯಾಸ ಇದೆ. ಚೌಕಾಸಿ ಮಾಡಿದರೆ ಬಿಲ್ಲಿನಲ್ಲಿ 500 ಕಳೀತಾರೆ, ಪಟ್ಟಿ ಹಾಗೇ ಉಳಿಯುತ್ತೆ. ಎರಡನೇ ಥರ ಕೇಳಿದರೆ ಪಟ್ಟಿಯೇ ಬದಲಾಗುತ್ತೆ.

ನಿಮ್ಮ ನಾಯಿಗೆ ಇವತ್ತೇ ಬೇಕಾದ್ದು ಮೂರು. ಸಿಬಿಸಿ ಜೊತೆಗೆ ರಕ್ತದ ಸ್ಮಿಯರ್ (ಒಂದು ಹನಿ ರಕ್ತವನ್ನ ಗಾಜಿನ ಸ್ಲೈಡಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡೋದು), ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್, ಉಣ್ಣೆ ಕೊಲ್ಲೋ ಔಷಧಿ. ಸ್ಮಿಯರ್ ಅನ್ನೋದು ಪಟ್ಟಿಯಲ್ಲಿ ಇಲ್ಲವೇ ಇಲ್ಲ ನೋಡಿ, ಅದೇ ಎಲ್ಲಕ್ಕಿಂತ ಅಗ್ಗ.

ನೇರಮಾತು:
ಸಾಕೋಕೆ ದುಡ್ಡಿಲ್ಲದಿದ್ದರೆ ಯಾಕೆ ಸಾಕಬೇಕಿತ್ತು ಅನ್ನೋದು ನನ್ನ ಪ್ರಶ್ನೆ. ಸಾರಿ, ಕಹಿ ಅನ್ನಿಸಬಹುದು.

ಬೀದಿಬಳಗ:
@ನೇರಮಾತು ಪ್ರಶ್ನೆ ಕೇಳಿದವರು ನಾಯೀನ ಬೀದಿಗೆ ಬಿಟ್ಟು ಬರಲಿಲ್ಲ, ಪಟ್ಟಿ ಹಿಡಿದು ಇಲ್ಲಿಗೆ ಬಂದಿದ್ದಾರೆ. ಬಿಟ್ಟು ಹೋಗೋರು ಪ್ರಶ್ನೆ ಕೇಳಲ್ಲ. ಹಸಿವು ಬಾಯಾರಿಕೆಯಲ್ಲಿ ನರಳೋ ಹಾಗೆ ಪ್ರಾಣಿಯನ್ನ ತೊರೆಯೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ, ಆದರೆ ಮೊದಲ ಸಲದ ದಂಡ ಹೆಚ್ಚೆಂದರೆ 50 ರೂಪಾಯಿ. ಒಂದು ಸಿಬಿಸಿಗಿಂತ ಕಮ್ಮಿ. ಕೋಪ ಅಲ್ಲಿ ತೋರಿಸಿ.

ಸ್ಲೈಡ್ ಮೇಷ್ಟ್ರು:
ಸ್ಮಿಯರ್ ಬಗ್ಗೆ. ಇಷ್ಟಪಟ್ಟ ಕಡೆಯಿಂದ ರಕ್ತ ತೆಗೆದರೆ ಪರಾವಲಂಬಿ ಸಿಗದೇ ಇರಬಹುದು. ಕಿವಿ ಅಂಚಿನಿಂದ ಒಂದು ಹನಿ ತೆಗೆದು ಅಲ್ಲೇ ಸ್ಲೈಡ್ ಎಳೆದರೆ ಬೇಬೀಸಿಯಾ (ಉಣ್ಣೆಯಿಂದ ಬಂದು ಕೆಂಪುಕಣದೊಳಗೆ ಸೇರೋ ಪರಾವಲಂಬಿ) ಸಿಗುವ ಸಂಭವ ಹೆಚ್ಚು. ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿದ ರಕ್ತವನ್ನ ಮೆಲ್ಲಗೆ 8-10 ಸಲ ತಲೆಕೆಳಗೆ ಮಾಡಬೇಕು. ಕುಲುಕಿದರೆ ಕಣ ಒಡೆಯುತ್ತೆ, ಹಾಗೇ ಬಿಟ್ಟರೆ ಸಣ್ಣ ಗಂಟು ಕಟ್ಟುತ್ತೆ. ಗಂಟಿನೊಳಗೆ ಸಿಕ್ಕಿಕೊಂಡ ಪ್ಲೇಟ್‌ಲೆಟ್‌ಗಳನ್ನ ಮೆಷಿನ್ ಎಣಿಸಲ್ಲ. ರಿಪೋರ್ಟಿನಲ್ಲಿ 40,000 ಅಂತ ಬರುತ್ತೆ, ಮನೆಯವರು ಗಾಬರಿ, ಅಡ್ಮಿಟ್ಟು, ಡ್ರಿಪ್ಪು. ನಾಯಿಗೆ 2 ಲಕ್ಷದ ಮೇಲಿದ್ದರೆ ಸರಿ. ತುಂಬ ಕಮ್ಮಿ ಬಂದಾಗ "ಸ್ಲೈಡಿನಲ್ಲಿ ಗುಂಪುಗಟ್ಟಿದೆಯಾ ನೋಡಿದ್ರಾ?" ಅಂತ ಒಂದು ಮಾತು ಕೇಳಿ. ಆ ಪ್ರಶ್ನೆಗೆ ದುಡ್ಡಿಲ್ಲ.

ಕೆಂಪಿಮನೆ:
ಪಿಸಿಆರ್ ಬಿಟ್ಟರೆ ಯಾವ ಜ್ವರ ಅಂತ ಗೊತ್ತಾಗೋದು ಹೇಗೆ?

ಟೋಕನ್ ನಂ. 7:
ಔಷಧಿಯೇ ಹೇಳುತ್ತೆ. ಎರ್ಲಿಕಿಯಾ (ಉಣ್ಣೆಯಿಂದ ಬರೋ ಬ್ಯಾಕ್ಟೀರಿಯಾ) ಆದರೆ ಡಾಕ್ಸಿ ಶುರುವಾಗಿ 24ರಿಂದ 72 ಗಂಟೆಯೊಳಗೆ ಜ್ವರ ಇಳಿದು ತಟ್ಟೆ ಹತ್ತಿರ ಬರುತ್ತೆ. ಮೂರು ದಿನ ಕಳೆದರೂ ಹಾಗೇ ಇದ್ದರೆ ಅಥವಾ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಆಗ ಪಿಸಿಆರ್‌ಗೆ ಕೊಟ್ಟ ದುಡ್ಡು ಸಾರ್ಥಕ.

ಸ್ಲೈಡ್ ಮೇಷ್ಟ್ರು:
@ಟೋಕನ್ ನಂ. 7 ಪೂರ್ತಿ ಒಪ್ಪಲ್ಲ. ಬೇಬೀಸಿಯಾದಲ್ಲಿ ಗಿಬ್ಸೋನಿ ಅನ್ನೋ ಜಾತಿ ನಮ್ಮ ಕಡೆ ಸಾಕಷ್ಟಿದೆ, ಅದು ಸ್ಮಿಯರಿನಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತೆ, ಡಾಕ್ಸಿ ಒಂದರಿಂದಲೇ ಹೋಗಲ್ಲ. ಕಾಯುವ ಮೂರು ದಿನದಲ್ಲಿ ಕೆಂಪುಕಣ ಕುಸಿದರೆ ರಕ್ತ ಕೊಡಿಸುವ ಖರ್ಚು ಪಿಸಿಆರ್‌ನ ಎಷ್ಟೋ ಪಟ್ಟು.

ಟೋಕನ್ ನಂ. 7:
ಅದಕ್ಕೇ ಸಿಬಿಸಿ ಬಿಡಬೇಡಿ ಅಂದಿದ್ದು ಸರ್. ಹಿಮೋಗ್ಲೋಬಿನ್ ಚೆನ್ನಾಗಿದ್ದು ಪ್ಲೇಟ್‌ಲೆಟ್ ಮಾತ್ರ ಇಳಿದಿದ್ದರೆ ಮೂರು ದಿನ ಕಾಯಬಹುದು. ರಕ್ತಹೀನತೆಯೂ ಜೊತೆಗಿದ್ದರೆ ನೀವು ಹೇಳಿದ್ದೇ ಸರಿ, ಮೊದಲ ದಿನವೇ ಪಿಸಿಆರ್.

ಸ್ಲೈಡ್ ಮೇಷ್ಟ್ರು:
ಹಾಗಾದರೆ ಜಗಳ ಇಲ್ಲ.

ಧಾರವಾಡ ಫೇಡಾ:
ಅಲ್ರೀ, ಊಟ ಅರ್ಧಾ ಮಾಡಾಕತ್ತೇತಿ ಅಂದ್ರ ಮೂರು ದಿನ ಅಡ್ಮಿಟ್ ಯಾಕ ಬೇಕು? ವಾಂತಿ ಇಲ್ಲ, ನೀರು ಕುಡೀತೇತಿ ಅಂದ್ರ ಬಾಯಿಂದ ಹೋಗೂ ನೀರ ಛಲೋ. ಡ್ರಿಪ್ ಹಾಕಲೇಬೇಕಾದ್ರ ಹಗಲು ಹಾಕ್ಸಿ ರಾತ್ರಿ ಮನಿಗೆ ಕರ್ಕೊಂಡು ಬರ್ರಿ. ಕಾಲಾಗಿನ ಕ್ಯಾನುಲಾ (ಡ್ರಿಪ್ ಹಾಕೂ ಸಣ್ಣ ನಳಿಗಿ) ಹಂಗ ಬಿಡಸ್ಕೊಂಡು ಬರಬೇಕು, ಅಂದ್ರ ಮರುದಿನ ಮತ್ತ ಸೂಜಿ ಖರ್ಚಿಲ್ಲ. ಮ್ಯಾಲೆ ಬ್ಯಾಂಡೇಜ್ ಸುತ್ತಿ, ಕಡಿಯದಂಗ ಕೊರಳಪಟ್ಟಿ ಹಾಕ್ರಿ. ಪಂಜಾ ಬಾತ್ರ ಇಲ್ಲಾ ಬ್ಯಾಂಡೇಜ್ ಹಸಿ ಆದ್ರ ತಡಾ ಮಾಡಬ್ಯಾಡ್ರಿ, ತಗಸ್ರಿ. ಮೂರು ದಿನದ ಮ್ಯಾಲೆ ಒಂದ ಕ್ಯಾನುಲಾ ಬ್ಯಾಡ.

ಕುಡ್ಲದ ಮಳೆ:
ಕೊರಳಪಟ್ಟಿಗೆ ಅಂಗಡಿಗೆ ಹೋಗುವುದು ಬೇಡ ಮಾರಾಯ್ರೆ. ಹಳೆಯ ಪೈಂಟ್ ಬಕೆಟಿನ ತಳ ಕೊರೆದು, ಅಂಚಿಗೆ ಬಟ್ಟೆ ಸುತ್ತಿ, ನಾಲ್ಕು ತೂತು ಮಾಡಿ ದಾರದಲ್ಲಿ ಬೆಲ್ಟಿಗೆ ಕಟ್ಟಿದರೆ ಆಯಿತು. ಮೂಗಿಗಿಂತ ಎರಡು ಬೆರಳು ಮುಂದೆ ಬರಬೇಕು, ಇಲ್ಲದಿದ್ದರೆ ನಾಲಿಗೆ ಮುಟ್ಟುತ್ತದೆ. ಪೈಂಟ್ ವಾಸನೆ ಪೂರಾ ಹೋಗಿರಬೇಕು ಅಷ್ಟೆ.

ಲೆಕ್ಕದ ಪುಸ್ತಕ:
ಡಾಕ್ಸಿ ಲೆಕ್ಕ. ಎರ್ಲಿಕಿಯಾಗೆ ಸಾಮಾನ್ಯವಾಗಿ ಬರೆಯೋದು ದಿನಕ್ಕೆ ಕೆ.ಜಿ.ಗೆ 10 ಮಿ.ಗ್ರಾಂ., 28 ದಿನ. 20 ಕೆ.ಜಿ. ನಾಯಿಗೆ ದಿನಕ್ಕೆ 200, ಅಂದರೆ 100ರ ಮಾತ್ರೆ ಎರಡು, ಒಟ್ಟು 56. ಪ್ರಾಣಿಗಳ ಹೆಸರಿನ ಬ್ರ್ಯಾಂಡ್ ಬದಲು "ಡಾಕ್ಸಿಸೈಕ್ಲಿನ್ 100" ಅಂತ ಜೆನೆರಿಕ್ ಹೆಸರಲ್ಲೇ ಚೀಟಿ ಬರೆಸಿಕೊಳ್ಳಿ, ಜನೌಷಧಿ ಕೇಂದ್ರದಲ್ಲಿ ತಗೊಳ್ಳಿ. ಮನುಷ್ಯರಿಗೂ ನಾಯಿಗೂ ಅದೇ ಔಷಧಿ. ಒಂದೇ ಸಲ 56 ತಗೊಂಡುಬಿಡಿ. ಐದನೇ ದಿನ ನಾಯಿ ಜಿಗಿದಾಡೋಕೆ ಶುರು ಮಾಡುತ್ತೆ, "ವಾಸಿಯಾಯ್ತಲ್ಲ" ಅಂತ ಮಾತ್ರೆ ನಿಲ್ಲುತ್ತೆ. ಜನ ತಪ್ಪೋದೇ ಅಲ್ಲಿ. ರೋಗಾಣು ಮೂಳೆಮಜ್ಜೆಯಲ್ಲಿ, ಗುಲ್ಮದಲ್ಲಿ ಅಡಗಿ ಕೂತು ತಿಂಗಳುಗಟ್ಟಲೆ ಆದಮೇಲೆ ಮೂಗಿನಲ್ಲಿ ರಕ್ತ ಬರೋ ಹಂತಕ್ಕೆ ತರುತ್ತೆ. ಆಗಿನ ಬಿಲ್ಲಿಗೆ 14,000 ಸಾಲಲ್ಲ.

ಮೂರ್ಬೆಕ್ಕು:
ಮನುಷ್ಯರ ಔಷಧಿ ಅಂದ ತಕ್ಷಣ ಎಚ್ಚರಿಕೆಯನ್ನೂ ಬರೆಯಬೇಕು ಲೆಕ್ಕದ ಪುಸ್ತಕದವರೇ. ಯಾರೋ ಜ್ವರಕ್ಕೆ ಪ್ಯಾರಾಸಿಟಮಾಲ್ ಹಾಕ್ತಾರೆ. ಬೆಕ್ಕಿಗೆ ಒಂದು 500ರ ಮಾತ್ರೆ ಸಾಕು, ಸಾಯೋದಕ್ಕೆ. ರಕ್ತ ಕಂದುಬಣ್ಣಕ್ಕೆ ತಿರುಗುತ್ತೆ, ಮುಖ ಬಾತುಕೊಳ್ಳುತ್ತೆ. ನಾಯಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಹಾಕಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ಪೆಟ್ಟು. ಡೈಕ್ಲೊಫೆನಾಕ್ ಅಂತೂ ರಣಹದ್ದುಗಳು ಸಾಯ್ತಿದ್ದ ಕಾರಣಕ್ಕೆ 2006ರಲ್ಲೇ ಪಶುಗಳ ಬಳಕೆಗೆ ನಿಷೇಧ ಆಯ್ತು.

ಲೆಕ್ಕದ ಪುಸ್ತಕ:
ಒಪ್ಪಿದೆ ಅಕ್ಕ. ಇನ್ನೆರಡು ಸೇರಿಸ್ತೀನಿ.

ಮೆಲಾಕ್ಸಿಕ್ಯಾಮ್ ಅನ್ನೋ ನೋವಿನ ಔಷಧಿಯನ್ನ ನಾಯಿಗೆ ಕೊಡ್ತಾರೆ, ನಿಜ. ಆದರೆ ಮೊದಲ ದಿನ ಕೆ.ಜಿ.ಗೆ 0.2 ಮಿ.ಗ್ರಾಂ., ಆಮೇಲೆ 0.1. ಅಂದರೆ 10 ಕೆ.ಜಿ. ನಾಯಿಗೆ ಎರಡನೇ ದಿನದಿಂದ 1 ಮಿ.ಗ್ರಾಂ. ಮೆಡಿಕಲ್ ಶಾಪಿನ ಮಾತ್ರೆ 7.5 ಇಲ್ಲವೇ 15. ಅರ್ಧ ಮುರಿದು ಕೊಟ್ಟರೂ ಮೂರೂಮುಕ್ಕಾಲು ಪಟ್ಟು. ಇದರಲ್ಲಿ ಪ್ರಾಣಿಗಳ ಸಿರಪ್ಪನ್ನೇ ತಗೊಳ್ಳಿ, ಉಳಿತಾಯ ಬೇಡ.

ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನೋ ಆಂಟಿಬಯೋಟಿಕ್ ಉಲ್ಟಾ. ಮನುಷ್ಯರ 625 ಅಂದರೆ 500+125, ನಾಲ್ಕಕ್ಕೊಂದು, ಪ್ರಾಣಿಗಳ ಮಾತ್ರೆಯಲ್ಲೂ ಅದೇ ಪ್ರಮಾಣ. ದೊಡ್ಡ ನಾಯಿಗೆ ಡಾಕ್ಟರು ಹೂಂ ಅಂದರೆ ಅದನ್ನೇ ತಗೊಳ್ಳಬಹುದು. 375 ಮಾತ್ರ ಬೇಡ, ಅದು 250+125. ಚಿಕ್ಕ ನಾಯಿಗೆ ಚಿಕ್ಕ ಮಾತ್ರೆ ಅಂತ 375 ಕೊಟ್ಟರೆ ಕ್ಲಾವುಲನೇಟ್ ಜಾಸ್ತಿಯಾಗಿ ಭೇದಿ ಹತ್ತುತ್ತೆ.

ಮಂಡ್ಯ ಮುದ್ದೆ:
ಉಣ್ಣೆಗೆ ಅಗಿಯೋ ಮಾತ್ರೆ ದುಬಾರಿ ಕಣ್ರಣ್ಣ. ದನಕ್ಕೆ ಹಾಕೋ ಇಂಜೆಕ್ಷನ್ ಒಂದು ಎಂಎಲ್ ಏರಿಸುದ್ರೆ ಆಯ್ತಲ್ಲ, ಊರಲ್ಲೆಲ್ಲ ಅದೇ ಮಾಡೋದು.

ಟೋಕನ್ ನಂ. 7:
ಬೇಡಣ್ಣ. ಆ 1% ಐವರ್‌ಮೆಕ್ಟಿನ್‌ನಲ್ಲಿ ಎಂಎಲ್‌ಗೆ 10 ಮಿ.ಗ್ರಾಂ. ಇರುತ್ತೆ. ಕೆ.ಜಿ.ಗೆ 0.2 ಮಿ.ಗ್ರಾಂ. ಲೆಕ್ಕದಲ್ಲಿ 10 ಕೆ.ಜಿ. ನಾಯಿಗೆ ಬೇಕಾದ್ದು 0.2 ಎಂಎಲ್. ಒಂದು ಎಂಎಲ್ ಅಂದರೆ ಐದು ಪಟ್ಟು. ಕಾಲೀ (Collie) ಅನ್ನೋ ಕುರಿ ಕಾಯೋ ತಳಿ, ಅದರ ಬೆರಕೆಗಳಲ್ಲಿ ಔಷಧಿಯನ್ನ ಮೆದುಳಿನಿಂದ ಹೊರಗಿಡೋ ಜೀನ್ ದೋಷ ಇರುತ್ತೆ, ತೂರಾಡಿ ಬೀಳ್ತವೆ, ಕಣ್ಣು ಕಾಣಲ್ಲ. ಸಾಲದ್ದಕ್ಕೆ ಉಣ್ಣೆ ಮೇಲೆ ಅದರ ಕೆಲಸವೂ ಅಷ್ಟಕ್ಕಷ್ಟೆ.

ಮಂಡ್ಯ ಮುದ್ದೆ:
ಸರಿ ಬುಡಿ, 0.2 ಅಂತ ಯಾರೂ ಹೇಳಿರ್ಲಿಲ್ಲ. ಮೈ ತೊಳಿಯೋ ಔಷಧಿ?

ಟೋಕನ್ ನಂ. 7:
ಅಮಿಟ್ರಾಜ್ ದ್ರಾವಣ ಅಗ್ಗ, ಕೆಲಸ ಮಾಡುತ್ತೆ. ಲೇಬಲ್‌ನಲ್ಲಿರೋಷ್ಟೇ ನೀರಿಗೆ ಬೆರೆಸಿ. ಬಾಟಲಿಯಿಂದ ನೇರ ಮೈಗೆ ಹಚ್ಚೋದು, ಬೆರೆಸಿಟ್ಟು ನಾಳೆ ಹಾಕೋದು ಎರಡೂ ತಪ್ಪು. ಸ್ನಾನ ಆದಮೇಲೆ ಒರೆಸಬೇಡಿ, ಹಾಗೇ ಒಣಗಲಿ, ಅಲ್ಲಿವರೆಗೆ ನೆಕ್ಕಬಾರದು. ನಿಮ್ಮ ಕೈಗೆ ಗ್ಲೌಸ್. ಸಕ್ಕರೆ ಕಾಯಿಲೆ ಇರೋ ನಾಯಿಗೆ, ಮರಿಗೆ ಬೇಡ. ಮನೇಲಿ ಬೆಕ್ಕಿದ್ದರೆ ಆ ಬಾಟಲಿಯನ್ನ ಒಳಗೇ ತರಬೇಡಿ.

ಈಗ ಜ್ವರ ಇರೋ ಕೆಂಪಿಗೆ ಸ್ನಾನ ಬೇಡ. ಅಗಿಯೋ ಮಾತ್ರೆಯೇ ಆಗಲಿ, ತೂಕದ ಪಟ್ಟಿ ನೋಡಿ ತಿಂಗಳದ್ದು ಒಂದು ತಗೊಳ್ಳಿ. ಮೂರು ತಿಂಗಳದ್ದು ತಿಂಗಳ ಲೆಕ್ಕದಲ್ಲಿ ಅಗ್ಗವಾದರೂ ಒಂದೇ ಸಲ ಕೈಬಿಡೋ ದುಡ್ಡು ಜಾಸ್ತಿ. ದೊಡ್ಡ ನಾಯಿ ಮಾತ್ರೆ ತಂದು ಮುರಿದು ಹಂಚೋ ಉಪಾಯ ಹೇಳೋರಿದ್ದಾರೆ, ಮಾತ್ರೆಯ ಎರಡು ತುಂಡಿನಲ್ಲಿ ಔಷಧಿ ಸಮ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಫಿಟ್ಸ್ ಬರೋ ನಾಯಿಯಾದರೆ ಡಾಕ್ಟರಿಗೆ ಮೊದಲೇ ಹೇಳಿ.

ಬೀದಿಬಳಗ:
ಮೈಮೇಲಿನ ಉಣ್ಣೆ ಒಂದು ಪಾಲು, ಗೋಡೆಯಲ್ಲಿರೋದು ಹತ್ತು ಪಾಲು. ಕಂದು ಉಣ್ಣೆ ರಕ್ತ ಕುಡಿದು ಉದುರಿ, ಗೋಡೆ ಬಿರುಕು, ಬಾಗಿಲ ಚೌಕಟ್ಟು, ಮಂಚದ ಸಂದಿಗೆ ಹೋಗಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಬಿರುಕಿಗೆ ಸಿಮೆಂಟ್ ಅಥವಾ ಪುಟ್ಟಿ ಮೆತ್ತಿ. ಹಾಸು ಬಟ್ಟೆಯನ್ನ ಕುದಿನೀರಿಗೆ ಹಾಕಿ. ಕಿತ್ತ ಉಣ್ಣೆಯನ್ನ ಉಗುರಲ್ಲಿ ಹಿಸುಕಬೇಡಿ, ಸೋಪಿನ ನೀರಿಗೆ ಹಾಕಿ.

ಧಾರವಾಡ ಫೇಡಾ:
ನಮ್ಮ ಕಡೆ ಉಣ್ಣಿ ಅಂತೀವಿ. ಬೆಳ್ಳುಳ್ಳಿ ತಿನ್ಸಿದ್ರ ಉಣ್ಣಿ ಹತ್ತಂಗಿಲ್ಲ ಅಂತ ಒಂದು ಮೆಸೇಜ್ ತಿರಗಾಕತ್ತೇತಿ, ನಂಬಬ್ಯಾಡ್ರಿ. ಉಳ್ಳಾಗಡ್ಡಿ ಬೆಳ್ಳುಳ್ಳಿ ಎರಡೂ ನಾಯಿ ಬೆಕ್ಕಿನ ಕೆಂಪುಕಣ ಒಡಿತಾವು. ಮೊದಲ ರಕ್ತ ಕಮ್ಮಿ ಆದ ನಾಯಿಗೆ ಬೆಳ್ಳುಳ್ಳಿ ಅಂದ್ರ ಏನ ಹೇಳೂದು.

ಕುಡ್ಲದ ಮಳೆ:
ನಾವು ಉಣುಗು ಎನ್ನುವುದು. ಹೆಸರು ಯಾವುದಾದರೂ ಕಚ್ಚುವುದು ಒಂದೇ ಥರ.

ಕೆಂಪಿಮನೆ:
ಲಿವರ್ ಟಾನಿಕ್, ಪ್ಲೇಟ್‌ಲೆಟ್ ಸಿರಪ್?

ಸ್ಲೈಡ್ ಮೇಷ್ಟ್ರು:
ಎರಡನ್ನೂ ಬಿಡಿ. ಪ್ಲೇಟ್‌ಲೆಟ್ ಏರೋದು ರೋಗಾಣು ಸತ್ತಾಗ. ಪಪ್ಪಾಯಿ ಎಲೆಯ ಸಿರಪ್ ಕೊಟ್ಟರೆ ಅದರ ಪಾಡಿಗೆ ಏರಿದ್ದರ ಕೀರ್ತಿ ಸಿರಪ್ಪಿಗೆ ಹೋಗುತ್ತೆ. ಆ ದುಡ್ಡು ಎತ್ತಿಟ್ಟು 7-10 ದಿನ ಬಿಟ್ಟು ಇನ್ನೊಂದು ಸಿಬಿಸಿ ಮಾಡಿಸಿ, ಅದರಿಂದ ಏನಾದರೂ ತಿಳಿಯುತ್ತೆ. ಲಿವರ್-ಕಿಡ್ನಿ ಪರೀಕ್ಷೆ ಪೂರ್ತಿ ಪ್ಯಾನೆಲ್ ಬದಲು ಎಎಲ್‌ಟಿ (ಲಿವರಿಗೆ) ಮತ್ತು ಕ್ರಿಯಾಟಿನಿನ್ (ಕಿಡ್ನಿಗೆ) ಎರಡೇ ಮಾಡಿಸಬಹುದಾ ಕೇಳಿ. ಸ್ಕ್ಯಾನಿಂಗ್ ಈಗ ಬೇಡ ಅನ್ನೋದಕ್ಕೆ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರೇ ಹೂಂ ಅನ್ನಬೇಕು, ನಾನಲ್ಲ.

ನೇರಮಾತು:
ಸರ್ಕಾರಿ ಆಸ್ಪತ್ರೆ ಇದೆಯಲ್ಲ, ಅದರ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ಅಥವಾ 1962ಕ್ಕೆ ಫೋನ್ ಮಾಡಿದರೆ ಗಾಡೀನೇ ಮನೆಗೆ ಬರುತ್ತೆ.

ಬೀದಿಬಳಗ:
ಈ ಸಲ ಒಳ್ಳೆ ಪ್ರಶ್ನೆ ಕೇಳಿದ್ರಿ. 1962 ಸಂಚಾರಿ ಪಶು ಚಿಕಿತ್ಸಾ ಗಾಡಿ ಮುಖ್ಯವಾಗಿ ರೈತರ ದನ, ಕುರಿ, ಮೇಕೆಗೆ. ನಗರದ ನಾಯಿಗೆ ಅದನ್ನ ನಂಬಿ ಕೂರಬೇಡಿ.

ಸರ್ಕಾರಿ ವ್ಯವಸ್ಥೆಯಲ್ಲಿ ಬೋರ್ಡ್ ಓದೋಕೆ ಕಲೀಬೇಕು. "ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ" ಅಂತಿದ್ದರೆ ಅಲ್ಲಿರೋದು ಸಾಮಾನ್ಯವಾಗಿ ಪಶುವೈದ್ಯ ಪರೀಕ್ಷಕರು, ಡಾಕ್ಟರಲ್ಲ. ಲಸಿಕೆ, ಗಾಯದ ಡ್ರೆಸಿಂಗ್‌ಗೆ ಸರಿ. "ಪಶು ಆಸ್ಪತ್ರೆ" ಅಂತಿದ್ದರೆ ಡಾಕ್ಟರು. ಜಿಲ್ಲಾ ಕೇಂದ್ರದ ಪಾಲಿಕ್ಲಿನಿಕ್‌ನಲ್ಲಿ ಎಕ್ಸ್‌ರೇ, ಶಸ್ತ್ರಚಿಕಿತ್ಸೆ ಇರೋ ಸಾಧ್ಯತೆ ಹೆಚ್ಚು. ಬೆಂಗಳೂರಿನಲ್ಲಿ ಕ್ವೀನ್ಸ್ ರಸ್ತೆಯ ಪಶು ಆಸ್ಪತ್ರೆ, ಬಳ್ಳಾರಿ ರಸ್ತೆಯ ಹೆಬ್ಬಾಳ ಪಶುವೈದ್ಯಕೀಯ ಕಾಲೇಜು. ಬೀದರ್, ಹಾಸನ, ಶಿವಮೊಗ್ಗದಲ್ಲೂ ಪಶುವೈದ್ಯ ಕಾಲೇಜುಗಳಿವೆ, ಕಾಲೇಜಿದ್ದ ಕಡೆ ಬೋಧನಾ ಆಸ್ಪತ್ರೆಯೂ ಇರುತ್ತೆ.

ಟೋಕನ್ ನಂ. 7:
ಹೆಬ್ಬಾಳಕ್ಕೆ ಹೋಗೋರಿಗೆ. ಬಾಗಿಲು ತೆರೆಯೋ ಮುಂಚೆ ಹೋಗಿ ಚೀಟಿ ಮಾಡಿಸಿ. ಮೊದಲು ವಿದ್ಯಾರ್ಥಿಗಳು ನೋಡ್ತಾರೆ, ಅದೇ ಪ್ರಶ್ನೆ ಎರಡು ಸಲ ಕೇಳ್ತಾರೆ, ಆಮೇಲೆ ಪ್ರೊಫೆಸರ್. ಅರ್ಧ ದಿನ ಹೋಗುತ್ತೆ. ಬೈಕೊಳ್ಳಬೇಡಿ, ಇಬ್ಬರು ನೋಡಿದ್ದು ನಿಮಗೇ ಲಾಭ. ಬಾಯಿಪಟ್ಟಿ, ಗಟ್ಟಿ ಹಗ್ಗ, ನೀರು, ಹಳೇ ರಿಪೋರ್ಟ್ ಎಲ್ಲ ಇರಲಿ. ರಿಪೋರ್ಟ್ ಇಲ್ಲದೆ ಹೋದರೆ ನಿನ್ನೆ ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆಯನ್ನೇ ಇವತ್ತು ಮತ್ತೆ ಮಾಡಿಸ್ತೀರಿ. ಖಾಸಗಿಯಲ್ಲಿ ಬರೀ ಬಿಲ್ ಕೊಟ್ಟು ಕಳಿಸಿದರೆ ರಿಪೋರ್ಟಿನ ಪ್ರತಿ, ಎಕ್ಸ್‌ರೇ ಇಮೇಜ್ ವಾಟ್ಸಾಪಿಗಾದರೂ ಹಾಕಿಸಿಕೊಳ್ಳಿ.

ಲಸಿಕೆ ಆಗದ ಮರಿಯನ್ನ ಅಲ್ಲಿ ನೆಲಕ್ಕೆ ಬಿಡಬೇಡಿ. ಪಾರ್ವೋ (ವಾಂತಿ, ರಕ್ತಭೇದಿ ತರೋ ವೈರಸ್) ಬಂದ ನಾಯಿಗಳೂ ಅದೇ ಅಂಗಳದಲ್ಲಿ ಕೂತಿರ್ತವೆ.

ಮೂರ್ಬೆಕ್ಕು:
ಪಾರ್ವೋ ಮಾತು ಬಂತಲ್ಲ. ಮನೆಯಲ್ಲಿ ಪಾರ್ವೋ ಆದಮೇಲೆ ಎಲ್ಲರೂ ಫಿನಾಯಿಲ್ ಸುರಿದು ಒರೆಸ್ತಾರೆ. ಫಿನಾಯಿಲ್‌ಗೆ ಆ ವೈರಸ್ ಸಾಯಲ್ಲ, ಮಣ್ಣಿನಲ್ಲಿ ಒಂದು ವರ್ಷದವರೆಗೂ ಕೂತಿರುತ್ತೆ. ಬ್ಲೀಚಿಂಗ್ ದ್ರಾವಣ 1 ಪಾಲು, ನೀರು 30 ಪಾಲು. ಮೊದಲು ಸೋಪಿನಿಂದ ಕೊಳೆ ತೆಗೆದು ಆಮೇಲೆ ಇದನ್ನ ಹಚ್ಚಿ 10 ನಿಮಿಷ ಹಸಿಯಾಗೇ ಬಿಡಬೇಕು. ಕೊಳೆ ಮೇಲೆ ಹಾಕಿದರೆ ಬ್ಲೀಚ್ ಸುಮ್ಮನೆ ವ್ಯರ್ಥ. ಬೆಕ್ಕಿರೋ ಮನೆಗೆ ಫಿನಾಯಿಲ್ಲೂ ಬೇಡ, ಡೆಟಾಲೂ ಬೇಡ, ನೆಲದಿಂದ ಪಾದಕ್ಕೆ, ಪಾದದಿಂದ ನಾಲಿಗೆಗೆ.

ಮಂಡ್ಯ ಮುದ್ದೆ:
ಎಲ್ಲಾ ಲಸಿಕೆನೂ ವರ್ಷ ವರ್ಷ ಹಾಕ್ಸಲೇಬೇಕಾ? ಅದೇ ಒಂದು ದೊಡ್ಡ ಬಿಲ್ಲು.

ಸ್ಲೈಡ್ ಮೇಷ್ಟ್ರು:
ಮರಿಗೆ ಖಂಡಿತ ಪೂರ್ತಿ ಕೋರ್ಸ್. 6-8 ವಾರಕ್ಕೆ ಶುರು, 3-4 ವಾರಕ್ಕೊಮ್ಮೆ, 16 ವಾರ ದಾಟುವವರೆಗೆ. ಕೊನೆಯದ್ದು ಬಿಟ್ಟರೆ ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಹಿಂದಿನ ಡೋಸುಗಳನ್ನ ನುಂಗಿಹಾಕಿರಬಹುದು. ಒಂದು ವರ್ಷದ ಬೂಸ್ಟರ್ ಆದಮೇಲೆ ಡಿಸ್ಟೆಂಪರ್-ಪಾರ್ವೋ-ಹೆಪಟೈಟಿಸ್ ಮೂರು ವರ್ಷಕ್ಕೊಮ್ಮೆ ಸಾಕು ಅಂತ ಜಾಗತಿಕ ಸಣ್ಣಪ್ರಾಣಿ ಪಶುವೈದ್ಯರ ಒಕ್ಕೂಟದ ಮಾರ್ಗಸೂಚಿಯೇ ಹೇಳುತ್ತೆ. ಕೊರೋನಾ ಲಸಿಕೆಯನ್ನ (ನಾಯಿಗಳದ್ದು, ಮನುಷ್ಯರದ್ದಲ್ಲ) ಅವರು ಶಿಫಾರಸೇ ಮಾಡಲ್ಲ. ಲೆಪ್ಟೋ (ಇಲಿಜ್ವರ) ಮಾತ್ರ ಪ್ರತಿ ವರ್ಷ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ. ರೇಬೀಸ್ ಪ್ರತಿ ವರ್ಷ.

ಕುಡ್ಲದ ಮಳೆ:
ರೇಬೀಸಿಗೆ ಸೆಪ್ಟೆಂಬರ್ 28, ಜುಲೈ 6 ಎರಡು ದಿನ ಕ್ಯಾಲೆಂಡರಿನಲ್ಲಿ ಬರೆದಿಡಿ. ವಿಶ್ವ ರೇಬೀಸ್ ದಿನ, ಪ್ರಾಣಿಜನ್ಯ ರೋಗಗಳ ದಿನ. ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ಇರುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಕಾರ್ಡಿನಲ್ಲಿ ಬ್ಯಾಚ್ ನಂಬರಿನ ಸ್ಟಿಕ್ಕರ್ ಅಂಟಿಸಿ ಕೊಡಲು ಹೇಳಿ. ಅಂಗಡಿಯಿಂದ ಲಸಿಕೆ ತಂದು ಮನೆಯಲ್ಲಿ ಚುಚ್ಚುವುದು ಉಂಟಲ್ಲ, ಅದು ನೀರಿಗೆ ಹಾಕಿದ ದುಡ್ಡು. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ್ದನ್ನು ಸ್ಕೂಟರಿನ ಡಿಕ್ಕಿಯಲ್ಲಿ ತಂದರೆ ಉಳಿಯುತ್ತದಾ?

ಲೆಕ್ಕದ ಪುಸ್ತಕ:
ಸಂತಾನಹರಣವನ್ನೂ ಇದೇ ಪಟ್ಟಿಗೆ ಸೇರಿಸಿ. ಕೆಂಪಿಗೆ ಆಗಿದೆಯಾ? ಆಗದ ಹೆಣ್ಣು ನಾಯಿಗೆ ಬೆದೆ ಮುಗಿದು ನಾಲ್ಕರಿಂದ ಎಂಟು ವಾರಕ್ಕೆ ಗರ್ಭಕೋಶದಲ್ಲಿ ಕೀವು ತುಂಬೋದು ಸಾಮಾನ್ಯ. ಆಗಲೂ ಮಾಡೋದು ಅದೇ ಆಪರೇಷನ್, ಆದರೆ ನಡುರಾತ್ರಿ, ಜ್ವರದಲ್ಲಿ, ಡ್ರಿಪ್ ಸಮೇತ, ಹಲವು ಪಟ್ಟು ಬಿಲ್ಲಿಗೆ. ಸಿಕ್ಕಾಪಟ್ಟೆ ನೀರು ಕುಡಿಯೋದು, ಊಟ ಬಿಡೋದು ಮೊದಲ ಸುಳಿವು, ಕೀವು ಹೊರಗೆ ಕಾಣಲೇಬೇಕು ಅಂತೇನಿಲ್ಲ.

ಕೆಂಪಿಮನೆ:
ಆಗಿಲ್ಲ. ಈಗ ಮಾಡಿಸಬಹುದಾ?

ಲೆಕ್ಕದ ಪುಸ್ತಕ:
ಈಗ ಖಂಡಿತ ಬೇಡ! ಪ್ಲೇಟ್‌ಲೆಟ್ ಕಮ್ಮಿ ಇರುವಾಗ ಕತ್ತರಿ ಹಾಕಿದರೆ ರಕ್ತ ನಿಲ್ಲಲ್ಲ. 28 ದಿನ ಮುಗಿದು ಸಿಬಿಸಿ ಸರಿ ಬಂದಮೇಲೆ. ಪಾಲಿಕ್ಲಿನಿಕ್‌ನಲ್ಲಿ ವಿಚಾರಿಸಿ.

ಪರೇಲ್ ಕನ್ನಡಿಗ:
ಮುಂಬೈಯಲ್ಲಿರೋ ಕನ್ನಡಿಗರು ಈ ಚರ್ಚೆ ಓದ್ತಿದ್ದರೆ: ಪರೇಲ್‌ನಲ್ಲಿ 1883ರಿಂದ ನಡೀತಿರೋ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ ಇದೆ, ಜೊತೆಗೇ ಪಶುವೈದ್ಯ ಕಾಲೇಜು. ಚೆನ್ನೈಯವರಿಗೆ ವೇಪೇರಿಯ ಮದ್ರಾಸ್ ಪಶುವೈದ್ಯ ಕಾಲೇಜು. ಕ್ಯೂ ಎಲ್ಲ ಕಡೆ ಒಂದೇ.

ಧಾರವಾಡ ಫೇಡಾ:
ಮುಂದಿನ ಸಲಕ್ಕ ಪೋಸ್ಟ್ ಆಫೀಸಿನ್ಯಾಗ ತಿಂಗಳಾ ನೂರರ ಆರ್‌ಡಿ ಹಾಕ್ರಿ, ನಾಯಿ ಹೆಸರಿಲೆ.

ಲೆಕ್ಕದ ಪುಸ್ತಕ:
ಪೋಸ್ಟ್ ಆಫೀಸ್ ಆರ್‌ಡಿ 5 ವರ್ಷದ್ದು ಫೇಡಾದವರೇ, 3 ವರ್ಷ ಆಗದೆ ಮುರಿಯೋ ಹಾಗಿಲ್ಲ. 12 ಕಂತಾದಮೇಲೆ ಅರ್ಧದಷ್ಟು ಸಾಲ ಸಿಗುತ್ತೆ ಅಷ್ಟೆ. ರಾತ್ರಿ 11ಕ್ಕೆ ಹೊಟ್ಟೆ ಉಬ್ಬಿದ ನಾಯಿ ಹಿಡ್ಕೊಂಡು ಪೋಸ್ಟ್ ಮಾಸ್ಟರ್ ಮನೆಗೆ ಹೋಗ್ತೀರಾ? ಬ್ಯಾಂಕಿನ ಆರ್‌ಡಿ ಫೋನಲ್ಲೇ ಮುರಿಯಬಹುದು, ಬಡ್ಡಿ ಸ್ವಲ್ಪ ಹೋಗುತ್ತೆ.

ಧಾರವಾಡ ಫೇಡಾ:
ಪೋಸ್ಟ್ ಮಾಸ್ಟರ್ ನಮ್ಮ ಓಣ್ಯಾಗ ಇರ್ತಾರ್ರೀ 😀 ಆತು, ಬ್ಯಾಂಕ್ ಅನ್ರಿ.

ನೇರಮಾತು:
ವಿಮೆ ಮಾಡಿಸಬಹುದಲ್ಲ? ಕ್ರೌಡ್ ಫಂಡಿಂಗ್?

ಲೆಕ್ಕದ ಪುಸ್ತಕ:
ವಿಮೆ ಈಗಿನ ಜ್ವರಕ್ಕೆ ಬರಲ್ಲ, ಮೊದಲೇ ಇದ್ದ ಕಾಯಿಲೆ ಅನ್ನಿಸಿಕೊಳ್ಳುತ್ತೆ. ಮುಂದಕ್ಕೆ ಮಾಡಿಸೋದಾದರೆ ನಾಲ್ಕು ಸಾಲು ಓದಿ: ವಯಸ್ಸಿನ ಮಿತಿ, ಕಾಯುವ ಅವಧಿ, ಲಸಿಕೆಯಿಂದ ತಡೆಯಬಹುದಾದ ರೋಗಕ್ಕೆ ಲಸಿಕೆ ಕಾರ್ಡ್ ಕೇಳ್ತಾರಾ, ಹೊರರೋಗಿ ಚಿಕಿತ್ಸೆ ಸೇರಿದೆಯಾ. ಅಡ್ಮಿಟ್ ಆದರೆ ಮಾತ್ರ ಅಂತಿದ್ದರೆ ಉಣ್ಣೆ ಜ್ವರದಂಥದ್ದಕ್ಕೆ ಪೈಸೆ ಬರಲ್ಲ. ಬಹುಪಾಲು ನೀವು ಮೊದಲು ಕಟ್ಟಿ ಆಮೇಲೆ ಕ್ಲೇಮ್ ಮಾಡೋ ಥರ, ಅಂದರೆ ಕೈಯಲ್ಲಿ ದುಡ್ಡು ಇರಲೇಬೇಕು.

ಜನರಿಂದ ದುಡ್ಡು ಕೇಳೋದಾದರೆ ಆಸ್ಪತ್ರೆಯ ಲೆಟರ್‌ಹೆಡ್ಡಿನ ಅಂದಾಜು, ದಿನಾಂಕ ಇರೋ ಚೀಟಿ ಹಾಕಿ, ದುಡ್ಡು ನೇರ ಆಸ್ಪತ್ರೆ ಖಾತೆಗೆ ಹೋಗೋ ಹಾಗೆ ಮಾಡಿ. ಅಳೋ ಎಮೋಜಿಗಿಂತ ಅದಕ್ಕೆ ಜನ ಕೊಡ್ತಾರೆ.

ಮೂರ್ಬೆಕ್ಕು:
ಉಳಿತಾಯದ ಮಾತಿನಲ್ಲಿ ಇದು ಕಳೆದುಹೋಗಬಾರದು. ಕೆಲವಕ್ಕೆ ಲೆಕ್ಕ ಹಾಕೋಕೂ ಕೂರಬಾರದು. ಗಂಡು ಬೆಕ್ಕು ಮರಳಿನ ತಟ್ಟೆಗೆ ಪದೇ ಪದೇ ಹೋಗಿ, ತಿಣುಕಿ, ಒಂದು ಹನಿಯೂ ಬರದೆ ಕೂಗ್ತಿದ್ದರೆ ಅದು ಮಲಬದ್ಧತೆ ಅಲ್ಲ, ಮೂತ್ರ ಕಟ್ಟಿದೆ. ಹರಳೆಣ್ಣೆ ಕುಡಿಸ್ತಾ ಕೂತರೆ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲಿ ಹೃದಯ ನಿಲ್ಲುತ್ತೆ. ದೊಡ್ಡ ಎದೆಯ ನಾಯಿ ಊಟ ಆದಮೇಲೆ ಹೊಟ್ಟೆ ಉಬ್ಬಿ, ವಾಂತಿಗೆ ಓಕರಿಸಿ ಏನೂ ಬರದಿದ್ದರೆ ಅದೂ ಹಾಗೇ, ಗಂಟೆಗಳ ಲೆಕ್ಕ.

ಸ್ಲೈಡ್ ಮೇಷ್ಟ್ರು:
ಕೆಂಪಿಗೂ ಆ ಥರದ ಗೆರೆ ಇದೆ. ವಸಡು ಬೆಳಿಗ್ಗೆ-ಸಂಜೆ ನೋಡಿ. ಗುಲಾಬಿ ಇರಬೇಕು, ಬೆರಳಿಂದ ಒತ್ತಿ ಬಿಟ್ಟರೆ 2 ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರಬೇಕು. ಜ್ವರವನ್ನ ಮೂಗು ಮುಟ್ಟಿ ಹೇಳೋಕಾಗಲ್ಲ, ಡಿಜಿಟಲ್ ಥರ್ಮಾಮೀಟರ್ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದಲ್ಲೇ ಇಡಬೇಕು. 102.5ರವರೆಗೆ ಮಾಮೂಲು. ವಸಡು ಬಿಳುಚಿದರೆ, ಮೂಗಿನಲ್ಲಿ ರಕ್ತ, ಹೊಟ್ಟೆ ಚರ್ಮದಲ್ಲಿ ಕೆಂಪು ಚುಕ್ಕಿ, ಟಾರಿನಂಥ ಕಪ್ಪು ಮಲ ಕಂಡರೆ 5,000ದ ಲೆಕ್ಕ ಬಿಟ್ಟು ಆಸ್ಪತ್ರೆಗೆ ಹೊರಡಿ. ರಕ್ತ ಕೊಡಿಸಬೇಕಾಗಿ ಬಂದರೆ ಮೊದಲ ಸಲಕ್ಕೆ ನಾಯಿಗಳಲ್ಲಿ ಗುಂಪು ಹೊಂದದ ಅಪಾಯ ಕಮ್ಮಿ. 25 ಕೆ.ಜಿ. ಮೇಲಿನ, ಲಸಿಕೆ ಆದ, ಉಣ್ಣೆ ಜ್ವರ ಬಂದಿರದ ನಾಯಿ ಯಾರ ಮನೇಲಿದೆ ಅಂತ ಇವತ್ತೇ ವಿಚಾರಿಸಿಟ್ಟಿರಿ.

ಮಂಡ್ಯ ಮುದ್ದೆ:
ಊಟಕ್ಕೆ ರಾಗಿ ಮುದ್ದೆ ಹಾಕಿ ಕಣಕ್ಕ, ಜ್ವರಕ್ಕೂ ಒಳ್ಳೇದು, ಡಬ್ಬಿ ಊಟಕ್ಕಿಂತ ಅಗ್ಗ.

ಮೂರ್ಬೆಕ್ಕು:
ಗಂಜಿ, ಅಂಬಲಿ ಸರಿ, ಆದರೆ ಮುದ್ದೆ ಒಂದರಲ್ಲೇ ನಾಯಿ ಬದುಕಲ್ಲ, ಪ್ರೋಟೀನ್ ಬೇಕು. ಮೊಟ್ಟೆಯೇ ಅಗ್ಗದ ದಾರಿ. ಬರೀ ಕೋಳಿ-ಅನ್ನ ಹಾಕೋರಿಗೂ ಒಂದು ಮಾತು, ಮೂಳೆ ಇಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲ. ಮೊಟ್ಟೆ ಚಿಪ್ಪು ಕುದಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿ, 1 ಕೆ.ಜಿ. ಮಾಂಸಕ್ಕೆ ಒಂದು ಟೀ ಚಮಚ. ಮರಿಗಳಿಗೆ ಮಾತ್ರ ಅಂದಾಜಿನಲ್ಲಿ ಹಾಕಬೇಡಿ, ದೊಡ್ಡ ತಳಿ ಮರಿಗೆ ಹೆಚ್ಚಾದರೂ ಮೂಳೆ ಕೆಡುತ್ತೆ.

ಮಂಡ್ಯ ಮುದ್ದೆ:
ಮುದ್ದೆನ ಯಾರೂ ಒಪ್ಪಲ್ಲ ಈ ಬೆಂಗ್ಳೂರೋರು.

ಕೆಂಪಿಮನೆ:
ಎಲ್ಲರಿಗೂ ಥ್ಯಾಂಕ್ಸ್. ಬರೆದುಕೊಂಡೆ: ಇವತ್ತು ಸಿಬಿಸಿ, ಸ್ಮಿಯರ್, ಎಎಲ್‌ಟಿ, ಕ್ರಿಯಾಟಿನಿನ್. ಡಾಕ್ಸಿ 56 ಜೆನೆರಿಕ್. ತಿಂಗಳ ಉಣ್ಣೆ ಮಾತ್ರೆ. ಟಾನಿಕ್ ಎರಡೂ ಇಲ್ಲ. ಅಡ್ಮಿಟ್ ಬದಲು ಮನೆಯಲ್ಲೇ ಜ್ವರ, ವಸಡು ನೋಡೋದು. ಪಿಸಿಆರ್ ಮೂರನೇ ದಿನ ಯೋಚನೆ, ಹಿಮೋಗ್ಲೋಬಿನ್ ಕಮ್ಮಿ ಬಂದರೆ ಇವತ್ತೇ. ಕೊನೇ ಪ್ರಶ್ನೆ, ಡಾಕ್ಸಿಯನ್ನ ಮೊಸರನ್ನದಲ್ಲಿ ಅಡಗಿಸಿ ಕೊಡಬಹುದಾ? ಅದೊಂದನ್ನೇ ಈಗ ತಿಂತಿರೋದು.

ಲೆಕ್ಕದ ಪುಸ್ತಕ:
ಮೊಸರು ಬೇಡ, ಕ್ಯಾಲ್ಸಿಯಂ ಡಾಕ್ಸಿಯನ್ನ ಹಿಡಿದುಕೊಳ್ಳುತ್ತೆ. ಎರಡು ಗಂಟೆ ಅಂತರ ಇರಲಿ. ಖಾಲಿ ಹೊಟ್ಟೆಗೂ ಬೇಡ, ವಾಂತಿ ಮಾಡುತ್ತೆ. ಬೇಯಿಸಿದ ಮೊಟ್ಟೆ ತುಂಡಿನೊಳಗೆ ಇಡಿ, ಹಿಂದೆಯೇ ಒಂದು ತುತ್ತು ಬರೀ ಅನ್ನ, ಸ್ವಲ್ಪ ನೀರು. ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಹುಣ್ಣಾಗುತ್ತೆ.

ಮಂಡ್ಯ ಮುದ್ದೆ:
ಮುದ್ದೆ ಉಂಡೇಲಿ ಇಟ್ರೆ ಗೊತ್ತೇ ಆಗಲ್ಲ, ನುಂಗ್ಬುಡ್ತದೆ.

ಲೆಕ್ಕದ ಪುಸ್ತಕ:
ರಾಗಿಯಲ್ಲೂ ಕ್ಯಾಲ್ಸಿಯಂ ಇದೆ ಅಣ್ಣ. ಅದನ್ನೂ ಎರಡು ಗಂಟೆ ಬಿಟ್ಟೇ ಹಾಕ್ಲಿ.